ಡಿಮೆನ್ಶಿಯಾ ಪರೀಕ್ಷೆ ಮುಗಿದ ಮೇಲೆ ಏನು? ಅಪ್ಪನ ಜೊತೆ ನಾವು ಕಂಡದ್ದು

ಮರೆವು ಜಾಸ್ತಿ ಆಗುತ್ತಿದೆ ಅಂದ ಕೂಡಲೇ ಪರೀಕ್ಷೆ ಮಾಡಿಸಿ ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಂಗಳೂರಿಗೆ ಹೋಗಿ ಅನ್ನುವವರು, ನಿಮ್ಹಾನ್ಸಿಗೇ ಹೋಗಿ ಅನ್ನುವವರು, ತಡ ಮಾಡಬೇಡಿ ಅನ್ನುವವರು. ಪರೀಕ್ಷೆ ಮುಗಿದು ಫೈಲು ಹಿಡಿದುಕೊಂಡು ಮನೆಗೆ ಬಂದು ಕೂತಾಗ ಮಾತ್ರ, ಮುಂದೇನು ಅಂತ ಹೇಳುವವರು ಯಾರೂ ಇರುವುದಿಲ್ಲ. ನಮ್ಮಪ್ಪ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಲೆಕ್ಕದ ಮಾಸ್ಟ್ರಾಗಿದ್ದವರು. ಅವರಿಗೆ ಡಿಮೆನ್ಶಿಯಾ, ಅಂದರೆ ನೆನಪು ಮತ್ತು ಯೋಚನೆ ಮಾಡುವ ಶಕ್ತಿ ಕುಂದುತ್ತಾ ಹೋಗುವ ಕಾಯಿಲೆ, ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿ ವರ್ಷ ಕಳೆಯಿತು. ಗಡಿಯ ಈಚೆ ಇರುವ ನಮ್ಮಂಥವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ, ಯಾಕಂದ್ರೆ ನಮ್ಮ ಡಾಕ್ಟರು ಕರ್ನಾಟಕದಲ್ಲಿ, ಪೆನ್ಶನ್ನು ಪಂಚಾಯತು ಜಾಗದ ಕಾಗದ ಎಲ್ಲ ಕೇರಳದಲ್ಲಿ.

ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ಪರೀಕ್ಷೆ ಆದ ಮೇಲಿನ ಮೊದಲ ಕೆಲವು ತಿಂಗಳು ತುಂಬ ಬೆಲೆಯುಳ್ಳ ಸಮಯ. ಕಾಯಿಲೆ ಇರುವವರು ಆಗ ಇನ್ನೂ ಯೋಚನೆ ಮಾಡಬಲ್ಲರು, ಬೇಕು ಬೇಡ ಹೇಳಬಲ್ಲರು, ಸಹಿ ಹಾಕಬಲ್ಲರು. ಆ ಸಮಯದಲ್ಲಿ ಅವರನ್ನು ಬದಿಗೆ ಕೂರಿಸಿ ನಾವೇ ಎಲ್ಲ ತೀರ್ಮಾನ ಮಾಡಿಬಿಟ್ಟರೆ, ಆಮೇಲೆ ಕೇಳೋಣ ಅಂದರೂ ಆಗುವುದಿಲ್ಲ.

ನಮ್ಮಲ್ಲಿ ಅರವತ್ತಕ್ಕೆ ಅರಳುಮರಳು ಅಂತ ಹೇಳಿ ಸುಮ್ಮನಾಗುವುದು ರೂಢಿ. ಅಪ್ಪನ ವಿಷಯದಲ್ಲೂ ನೆಂಟರು ಇದನ್ನೇ ಹೇಳಿದರು. ಆದರೆ ದೇಶದ ಬೇರೆ ಬೇರೆ ರಾಜ್ಯಗಳ ಹಿರಿಯರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಲೆಕ್ಕದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯಾ ಇರುವುದು ನೂರಕ್ಕೆ 7.4ರಷ್ಟು ಜನರಿಗೆ. ಅಂದರೆ ಸುಮಾರು 88 ಲಕ್ಷ ಜನ. ಸಣ್ಣ ಸಂಖ್ಯೆ ಅಲ್ಲ, ಆದರೆ ವಯಸ್ಸಾದವರಿಗೆಲ್ಲ ಬರುವಂಥದ್ದೂ ಅಲ್ಲ. ವಯಸ್ಸಾಯ್ತು ಅಂತ ಬಿಟ್ಟುಬಿಡುವ ಹಾಗಿಲ್ಲ ಅಂತ ನಮಗೆ ಅನ್ನಿಸಿದ್ದು ಅಡಿಕೆ ಮಾರಿದ ದುಡ್ಡಿನ ಲೆಕ್ಕ ಅಪ್ಪನಿಗೆ ತಪ್ಪತೊಡಗಿದಾಗ.

ಪರೀಕ್ಷೆ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ರಿಪೋರ್ಟು ಓದಲಿಕ್ಕೆ ಗೊತ್ತಾಗುವುದಿಲ್ಲ. ಮೊದಲು ಮಾಡುವುದು ಎಂಎಂಎಸ್ಇ ಅಥವಾ ಮೋಕಾ ಅನ್ನುವ, ನೆನಪು ಗಮನ ಎಲ್ಲ ನೋಡುವ ಸಣ್ಣ ಪ್ರಶ್ನೋತ್ತರದ ಪರೀಕ್ಷೆ, ಎರಡೂ 30 ಅಂಕದ್ದು. ಅಪ್ಪನಿಗೆ ಮೋಕಾ ಮಾಡಿದರು. ಆಮೇಲೆ ಸೈಕಾಲಜಿಸ್ಟ್ ಇನ್ನೊಂದು ದಿನ ಕೂರಿಸಿಕೊಂಡು ಉದ್ದದ ಪರೀಕ್ಷೆ ಮಾಡಿದರು. ಅದು ಕನ್ನಡದಲ್ಲೇ ಇತ್ತು. ಐಸಿಎಂಆರ್ ಅನ್ನುವ ಕೇಂದ್ರ ಸರಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಇದಕ್ಕೆಂದೇ ಕನ್ನಡ, ಮಲಯಾಳ, ತೆಲುಗು, ಹಿಂದಿ, ಬಂಗಾಳಿಯಲ್ಲಿ ಪರೀಕ್ಷೆಗಳನ್ನು ತಯಾರು ಮಾಡಿಸಿದೆ. ಹಾಗಾಗಿ ಗಡಿಯ ಈಚೆಯವರು ಧೈರ್ಯವಾಗಿ ಕೇಳಿ: ನಮ್ಮವರಿಗೆ ಅವರ ಮನೆಮಾತಿಗೆ ಹತ್ತಿರದ ಭಾಷೆಯಲ್ಲಿ ಮಾಡ್ತೀರಾ ಅಂತ. ಅರ್ಧಂಬರ್ಧ ಬರುವ ಭಾಷೆಯಲ್ಲಿ ಪರೀಕ್ಷೆ ಮಾಡಿದರೆ ಕಡಿಮೆ ಅಂಕ ಬಂದದ್ದು ಕಾಯಿಲೆಯಿಂದಲೋ ಭಾಷೆಯಿಂದಲೋ ಹೇಳಲಿಕ್ಕಾಗುವುದಿಲ್ಲ. ಕಿವಿಯ ವಿಷಯವೂ ಹಾಗೆಯೇ. ಅಪ್ಪನಿಗೆ ಎಡಗಿವಿ ಸರಿ ಕೇಳುವುದಿಲ್ಲ ಅಂತ ಅಮ್ಮ ಮೊದಲೇ ಹೇಳಿದ್ದರಿಂದ ಸೈಕಾಲಜಿಸ್ಟ್ ಬಲಗಡೆ ಕೂತು ಕೇಳಿದರು.

ಯಾವ ರಾಜ್ಯ, ಯಾವ ಜಿಲ್ಲೆ ಅಂತ ಕೇಳಿದಾಗ ಅಪ್ಪ ಒಂದು ಪಾಠವನ್ನೇ ಮಾಡಿದರು. ನಾನು ಹುಟ್ಟುವಾಗ ನಮ್ಮೂರು ಮದ್ರಾಸಿನ ದಕ್ಷಿಣ ಕನ್ನಡದಲ್ಲಿತ್ತು, 1956ರ ನವೆಂಬರಿನಲ್ಲಿ ಕೇರಳಕ್ಕೆ ಸೇರಿತು, ಆಮೇಲೆ ಕಣ್ಣೂರು ಜಿಲ್ಲೆ ಆಯಿತು, 1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆ ಆಯಿತು, ನಾನು ಮಾತ್ರ ಇದ್ದಲ್ಲೇ ಇದ್ದೇನೆ ಅಂದರು. ಒಂದು ಇಸವಿಯೂ ತಪ್ಪಲಿಲ್ಲ. ಇದನ್ನು ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಏನೂ ಇಲ್ಲ, ಸುಮ್ನೆ ಹೆದರಿದ್ದೇವೆ ಅಂತಲೇ ಅಂದುಕೊಂಡೆ. ಐದು ನಿಮಿಷದ ಹಿಂದೆ ಹೇಳಿಕೊಟ್ಟಿದ್ದ ಐದು ಶಬ್ದ ಹೇಳಿ ಅಂದಾಗ ಒಂದೂ ಬರಲಿಲ್ಲ. ಸೂಚನೆ ಕೊಟ್ಟರೂ ಬರಲಿಲ್ಲ. ಆಮೇಲೆ ಗಡಿಯಾರ ಬಿಡಿಸಲಿಕ್ಕೆ ಹೇಳಿದರು. ಅಪ್ಪ ಬೋರ್ಡಿನ ಮೇಲೆ ಕೈಯಲ್ಲೇ ವೃತ್ತ ಎಳೆದರೆ ಕೈವಾರದಲ್ಲಿ ಎಳೆದ ಹಾಗಿರುತ್ತಿತ್ತು, ಅವರ ಹತ್ತಿರ ಕಲಿತವರೆಲ್ಲ ಈಗಲೂ ಅದನ್ನು ಹೇಳುತ್ತಾರೆ. ವೃತ್ತ ಚೆನ್ನಾಗಿಯೇ ಬಂತು. ಒಳಗೆ ಅಂಕೆ ಬರೆಯುತ್ತಾ ಹೋದರು, ಒಂದು, ಎರಡು, ಮೂರು ಅಂತ ಒತ್ತೊತ್ತಾಗಿ. ಹನ್ನೆರಡು ಮುಗಿಯುವಾಗ ಬಲಗಡೆಯ ಅರ್ಧ ಮಾತ್ರ ತುಂಬಿತ್ತು, ಎಡಗಡೆ ಇಡೀ ಖಾಲಿ. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದರು. "ಇದು ಸರಿ ಇಲ್ಲ" ಅಂದರು. ಎಲ್ಲಿ ಸರಿ ಇಲ್ಲ ಅಂತ ಅವರಿಗೆ ಹೇಳಲಿಕ್ಕೆ ಆಗಲಿಲ್ಲ.

ಹಳೆಯದೆಲ್ಲ ನೆನಪಿದೆ, ಮತ್ತೆಂತ ಕಾಯಿಲೆ ಅಂತ ಕೇಳುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಹೊಸದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಗೆ. ಐವತ್ತು ವರ್ಷದ ಹಿಂದಿನದು ಎಷ್ಟೋ ಕಾಲ ಹಾಗೇ ಉಳಿಯುತ್ತದೆ.

ನಮ್ಮನ್ನು, ಅಂದರೆ ಅಮ್ಮನನ್ನು ಮತ್ತು ನನ್ನನ್ನು, ಬೇರೆಯಾಗಿ ಕೂರಿಸಿಯೂ ತುಂಬ ಕೇಳಿದರು. ಔಷಧಿ ತಾವೇ ತಗೊಳ್ತಾರಾ, ಬ್ಯಾಂಕಿನ ವ್ಯವಹಾರ ಮಾಡ್ತಾರಾ, ದಾರಿ ತಪ್ಪಿದ್ದಾರಾ, ನಿದ್ರೆ ಹೇಗೆ, ಇಲ್ಲದ್ದೇನಾದರೂ ಕಾಣ್ತದೆ ಅಂತಾರಾ, ಮನಸ್ಸಿಗೆ ಬೇಸರ ಇದೆಯಾ. ಇದಕ್ಕೆ ಮುಚ್ಚಿಡದೆ ಉತ್ತರ ಕೊಡಬೇಕು. ದಿನನಿತ್ಯದ ಕೆಲಸಕ್ಕೆ ತೊಂದರೆ ಆಗಿದೆಯೋ ಇಲ್ಲವೋ ಅನ್ನುವುದರ ಮೇಲೆಯೇ ಇದು ಸಣ್ಣ ಮಟ್ಟದ ಮರೆವೋ, ಡಿಮೆನ್ಶಿಯಾವೋ ಅಂತ ನಿರ್ಧಾರ ಆಗುವುದು. ಖಿನ್ನತೆ ಇದ್ದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ರಕ್ತ ಪರೀಕ್ಷೆ ಮಾಡುವುದೂ ಇದಕ್ಕೇ. ಥೈರಾಯ್ಡ್, ಬಿ12, ಸೋಡಿಯಂ, ಕ್ಯಾಲ್ಸಿಯಂ, ಸಕ್ಕರೆ, ಲಿವರು, ಕಿಡ್ನಿ, ಇವುಗಳಲ್ಲಿ ಏನಾದರೂ ಏರುಪೇರಾಗಿ ಮರೆವು ಬಂದಿದ್ದರೆ ಸರಿ ಮಾಡಬಹುದು. ಅಪ್ಪನಿಗೆ ಬಿ12 ಕಡಿಮೆ ಇತ್ತು, ಬರೇ ಸಸ್ಯಾಹಾರ ತಿನ್ನುವವರಲ್ಲಿ ಅದು ಸಾಮಾನ್ಯ. ಅಯ್ಯೋ ಇದೇ ಕಾರಣ ಇರಬೇಕು ಅಂತ ನಾವು ಆಸೆಪಟ್ಟೆವು. ಇಂಜೆಕ್ಷನ್ ಕೊಟ್ಟರು, ಸುಸ್ತು ಕಡಿಮೆ ಆಯಿತು, ಮರೆವು ಕಡಿಮೆ ಆಗಲಿಲ್ಲ.

ರಿಪೋರ್ಟು ಬಂದ ದಿನ ಡಾಕ್ಟರು ಎಂಆರ್‌ಐ ತೋರಿಸಿ ಎರಡು ವಿಷಯ ಹೇಳಿದರು. ನೆನಪಿಗೆ ಸಂಬಂಧಪಟ್ಟ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಕುಗ್ಗಿದೆ, ಅದರ ಜೊತೆಗೆ ಮೆದುಳಿನ ಸಣ್ಣ ರಕ್ತನಾಳಗಳಲ್ಲೂ ಹಾನಿ ಇದೆ. ಹಾಗಾಗಿ ಅಲ್ಝೈಮರ್ಸ್ ಮತ್ತು ರಕ್ತನಾಳದ ಡಿಮೆನ್ಶಿಯಾ ಎರಡೂ ಸೇರಿದ ಮಿಶ್ರ ರೀತಿಯದ್ದು, ಈಗ ಆರಂಭದ ಹಂತ ಅಂದರು. ಸ್ಕ್ಯಾನ್ ರಿಪೋರ್ಟಿನಲ್ಲಿ ಇರುವ ಶಬ್ದಗಳನ್ನು ಮನೆಯಲ್ಲಿ ಕೂತು ಫೋನಿನಲ್ಲಿ ಹುಡುಕಿ ಹೆದರಬೇಡಿ. ವಯಸ್ಸಾದವರ ಸ್ಕ್ಯಾನಿನಲ್ಲಿ ಸ್ವಲ್ಪ ಕುಗ್ಗಿದ್ದು ಇದ್ದೇ ಇರುತ್ತದೆ, ಬರೇ ಸ್ಕ್ಯಾನ್ ನೋಡಿ ಡಿಮೆನ್ಶಿಯಾ ಅಂತ ಹೇಳುವುದಿಲ್ಲ. ಯಾವ ರೀತಿಯ ಡಿಮೆನ್ಶಿಯಾ ಅಂತ ಮಾತ್ರ ಕೇಳಿಯೇ ಬನ್ನಿ. ಯಾಕಂದ್ರೆ ಔಷಧಿ ಅದರ ಮೇಲೆ ಹೋಗುತ್ತದೆ. ಲೂಯಿ ಬಾಡಿ ಅನ್ನುವ ರೀತಿಯಲ್ಲಿ ಮನಸ್ಸು ಶಾಂತ ಮಾಡಲಿಕ್ಕೆ ಕೊಡುವ ಕೆಲವು ಮಾತ್ರೆಗಳು ತುಂಬ ಅಪಾಯ ಮಾಡುತ್ತವೆ. ಬರೇ ಡಿಮೆನ್ಶಿಯಾ ಅಂತ ಬರೆದ ಚೀಟಿ ಸಾಕಾಗುವುದಿಲ್ಲ.

ಅಪ್ಪನಿಗೆ ಹೇಳುವುದಾ ಬೇಡವಾ ಅನ್ನುವ ಪ್ರಶ್ನೆ ಆಗಲೇ ಎದ್ದಿತು. ಚಿಕ್ಕಪ್ಪ ಜೊತೆಗೆ ಬಂದಿದ್ದರು. ನನ್ನನ್ನು ಹೊರಗೆ ಕರೆದು, "ಅಣ್ಣನಿಗೆ ಏನೂ ಹೇಳುವುದು ಬೇಡ ಮಗಳೇ, ಕುಸಿದುಹೋದಾರು, ಶಕ್ತಿಯ ಮಾತ್ರೆ ಅಂತ ಹೇಳಿ ಕೊಟ್ಟರೆ ಆಯಿತು" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಗಡಿಯಾರ ನೋಡಿ ಇದು ಸರಿ ಇಲ್ಲ ಅಂದದ್ದು ಅಪ್ಪನೇ ಅಲ್ವಾ? ಗೊತ್ತಿಲ್ಲದವರಿಂದ ಮುಚ್ಚಿಡಬಹುದು, ಗೊತ್ತಿರುವವರಿಂದ ಮುಚ್ಚಿಟ್ಟರೆ ಅವರು ಒಳಗೊಳಗೇ ಒಬ್ಬರೇ ಹೆದರುತ್ತಾ ಇರುತ್ತಾರೆ. ನಾನು ಡಾಕ್ಟರ ಹತ್ತಿರ, ನೀವೇ ಅವರನ್ನು ಕೇಳಿ ಅಂದೆ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು, "ಮಾಸ್ಟ್ರೇ, ಪರೀಕ್ಷೆಯಲ್ಲಿ ಏನು ಕಂಡಿತು ಅಂತ ನಿಮಗೆ ತಿಳಿಯಬೇಕಾ, ಅಥವಾ ಮಗಳಿಗೆ ಹೇಳಿದರೆ ಸಾಕಾ?" ಅಂತ ಕೇಳಿದರು. ಅಪ್ಪ, "ನನ್ನ ತಲೆಯ ವಿಷಯ, ನನಗೇ ಹೇಳಿ" ಅಂದರು. ಹೇಳಿದರು. ನಿಧಾನವಾಗಿ, ಸಣ್ಣ ಸಣ್ಣ ವಾಕ್ಯದಲ್ಲಿ, ಮಧ್ಯೆ ಮಧ್ಯೆ ನಿಲ್ಲಿಸಿ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಮನೆಯವರ ಗುರುತು ಸಿಗದ ಹಾಗೆ ಆಗುತ್ತದಾ ಅಂತ. ಆಗಬಹುದು, ಆದರೆ ಅದು ತುಂಬ ಮುಂದಿನ ಮಾತು, ಒಬ್ಬೊಬ್ಬರಲ್ಲಿ ಒಂದೊಂದು ವೇಗ, ತಾರೀಕು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ ಅಂದರು. ಸುಳ್ಳು ಹೇಳದೆ, ಹೆದರಿಸದೆ ಹೇಳಿದ ಆ ಡಾಕ್ಟರನ್ನು ನಾನು ಮರೆಯುವುದಿಲ್ಲ.

ಕುಸಿದುಹೋಗಲಿಲ್ಲ ಅಪ್ಪ. ಎರಡು ಮೂರು ವಾರ ಮಾತು ಕಡಿಮೆ ಆಯಿತು, ಚಾವಡಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಅವರೇ ನೋಟ್‌ಬುಕ್ ತೆಗೆದು ನನ್ನನ್ನು ಕರೆದರು, ಏನೇನು ವ್ಯವಸ್ಥೆ ಆಗಬೇಕು ಅಂತ ಬರೆಯೋಣ ಅಂತ. ಮುಚ್ಚಿಟ್ಟಿದ್ದರೆ ಈ ನೋಟ್‌ಬುಕ್ ಇರುತ್ತಿರಲಿಲ್ಲ. ಹೇಳಿದ್ದನ್ನು ಮರೆತು ಮತ್ತೆ ಕೇಳಿದ ದಿನವೂ ಇದೆ. ಆಗ ಅಷ್ಟೇ ಮೆಲ್ಲಗೆ ಮತ್ತೆ ಹೇಳುತ್ತೇವೆ. ತಿಳಿಯುವುದು ಬೇಡ ಅನ್ನುವವರೂ ಇರುತ್ತಾರೆ, ಅದು ಅವರ ಇಷ್ಟ. ಆದರೆ ಕೇಳಬೇಕಾದದ್ದು ಅವರನ್ನು.

ಈಗ ಔಷಧಿ. ಡೊನೆಪೆಜಿಲ್ ಬರೆದುಕೊಟ್ಟರು. ಶುರುವಿಗೆ 5 ಮಿಲಿಗ್ರಾಂ, ಒಗ್ಗಿದರೆ ನಾಲ್ಕಾರು ವಾರದ ಮೇಲೆ 10. ಹೃದಯದ ಬಡಿತ ನಿಧಾನ ಮಾಡುವ ಗುಣ ಅದಕ್ಕೆ ಇರುವುದರಿಂದ ಮೊದಲು ಇಸಿಜಿ ತೆಗೆದರು. ನಿಮ್ಮವರಿಗೆ ಇಸಿಜಿ ತೆಗೆಯದೆ ಬರೆದುಕೊಟ್ಟರೆ ನೀವೇ ಕೇಳಿ. ಇದು ಕಾಯಿಲೆ ಗುಣ ಮಾಡುವ ಮಾತ್ರೆ ಅಲ್ಲ. ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಕಡಿಮೆ ಆಗಿರುತ್ತದೆ, ಇದ್ದದ್ದು ಬೇಗ ಕರಗದ ಹಾಗೆ ಈ ಮಾತ್ರೆ ತಡೆಯುತ್ತದೆ, ಅಷ್ಟೇ. ಕೆಲವರಿಗೆ ಸ್ವಲ್ಪ ಕಾಲ ಚುರುಕಾದ ಹಾಗೆ ಕಾಣುತ್ತದೆ, ಕೆಲವರು ಇದ್ದ ಹಾಗೇ ಇರುತ್ತಾರೆ, ಕೆಲವರಿಗೆ ಏನೂ ಆಗುವುದಿಲ್ಲ. ಅಪ್ಪನಿಗೆ ಶುರುವಿಗೆ ಊಟ ಸೇರುತ್ತಿರಲಿಲ್ಲ, ಹೊಟ್ಟೆ ತೊಳಸುತ್ತಿತ್ತು, ರಾತ್ರಿ ಕೆಟ್ಟ ಕನಸು ಬಿದ್ದು ಎದ್ದು ಕೂರುತ್ತಿದ್ದರು. ಡಾಕ್ಟರಿಗೆ ಫೋನ್ ಮಾಡಿದ್ದಕ್ಕೆ ರಾತ್ರಿಯ ಬದಲು ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡಿ ಅಂದರು. ಕನಸು ನಿಂತಿತು. ಹಾಗಾಗಿ ತೊಂದರೆ ಆಯಿತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಸಮಯ ಬದಲಾಯಿಸಿ ನೋಡಬಹುದು, ಚರ್ಮಕ್ಕೆ ಅಂಟಿಸುವ ರಿವಾಸ್ಟಿಗ್ಮಿನ್ ಪ್ಯಾಚ್ ಕೂಡ ಇದೆ. ಮೆಮಾಂಟಿನ್ ಅನ್ನುವುದನ್ನು ಸಾಮಾನ್ಯವಾಗಿ ಮುಂದಿನ ಹಂತದಲ್ಲಿ ಕೊಡುತ್ತಾರೆ. ಬೆಂಗಳೂರಿನಲ್ಲಿರುವ ತಮ್ಮ ಹೊಸ ಇಂಜೆಕ್ಷನ್ ಬಗ್ಗೆ ಓದಿ ಕೇಳಿದ. ಲೆಕಾನೆಮ್ಯಾಬ್ ಅಂತ, ಅಮೆರಿಕದಲ್ಲಿ 2023ರಲ್ಲಿ ಪೂರ್ತಿ ಅನುಮತಿ ಸಿಕ್ಕಿದ್ದು. ಅದು ಆರಂಭದ ಅಲ್ಝೈಮರ್ಸ್‌ಗೆ ಮಾತ್ರ, ಕಾಯಿಲೆಯ ವೇಗ ಸ್ವಲ್ಪ ತಗ್ಗಿಸುತ್ತದೆ, ಮೆದುಳಿನಲ್ಲಿ ಊತ ಅಥವಾ ರಕ್ತಸ್ರಾವ ಆಗುವ ಅಪಾಯ ಇರುವುದರಿಂದ ಪದೇ ಪದೇ ಎಂಆರ್‌ಐ ಬೇಕು, ಅಪ್ಪನ ರಕ್ತನಾಳದ ಸ್ಥಿತಿಗೆ ಅದು ಹೇಳಿದ್ದಲ್ಲ ಅಂದರು ಡಾಕ್ಟರು. ಅಪ್ಪನ ಮಟ್ಟಿಗೆ ಬಿಪಿ ಸಕ್ಕರೆ ಹತೋಟಿಯಲ್ಲಿ ಇಡುವುದು, ನಡೆಯುವುದು, ಕಿವಿಗೆ ಮೆಷಿನ್ ಹಾಕುವುದು, ಇವು ಮಾತ್ರೆಯಷ್ಟೇ ಮುಖ್ಯ.

ಇನ್ನೊಂದು ಮಾತ್ರೆಯ ವಿಷಯ ಎಲ್ಲರಿಗೂ ಗೊತ್ತಿರಬೇಕು. ಮಳೆಗಾಲದಲ್ಲಿ ಅಪ್ಪನಿಗೆ ಶೀತ ಆಗಿ, ಅವರೇ ಪೇಟೆಯಿಂದ ಮಾತ್ರೆ ತಂದು ತಗೊಂಡಿದ್ದರು. ಎರಡೇ ದಿನದಲ್ಲಿ ಪೂರ್ತಿ ಗಲಿಬಿಲಿ. ಹಗಲು ನಿದ್ರೆ, ರಾತ್ರಿ ಕೊಟ್ಟಿಗೆಯಲ್ಲಿ ದನ ಬಿಚ್ಚಿಹೋಗಿದೆ ಅಂತ ಏಳುವುದು, ಮೂತ್ರ ಸರಿ ಹೋಗುತ್ತಿಲ್ಲ. ನಮ್ಮಲ್ಲಿ ದನ ಇಲ್ಲದೆ ಎಷ್ಟೋ ವರ್ಷ ಆಯಿತು. ಕಾಯಿಲೆ ಇಷ್ಟು ಬೇಗ ಏರಿತಾ ಅಂತ ಅಮ್ಮ ಅತ್ತರು. ಶೀತಕ್ಕೆ, ತುರಿಕೆಗೆ ಕೊಡುವ ಹಳೆಯ ಮಾತ್ರೆಗಳು, ಕ್ಲೋರ್‌ಫೆನಿರಮಿನ್, ಫೆನಿರಮಿನ್ ಅಂತ ಇರುವಂಥವು, ಅದೇ ಅಸಿಟೈಲ್‌ಕೋಲಿನ್ನಿಗೆ ಅಡ್ಡ ಬರುತ್ತವೆ. ಒಂದು ಮಾತ್ರೆ ಮಾಡುವ ಕೆಲಸವನ್ನು ಇನ್ನೊಂದು ಅಳಿಸುತ್ತದೆ. ಡಾಕ್ಟರು ಅದನ್ನು ನಿಲ್ಲಿಸಲು ಹೇಳಿ, ಮೂತ್ರದ ಸೋಂಕು ಇದೆಯಾ, ಸೋಡಿಯಂ ಇಳಿದಿದೆಯಾ ಅಂತ ನೋಡಿದರು. ಅಪ್ಪ ವಾರದೊಳಗೆ ಮೊದಲಿನ ಹಾಗಾದರು. ಡಿಮೆನ್ಶಿಯಾ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಏರುವ ಕಾಯಿಲೆ. ಎರಡು ದಿನದಲ್ಲಿ ಯಾರಾದರೂ ಪೂರ್ತಿ ಬದಲಾದರೆ ಅದಕ್ಕೆ ಬೇರೆ ಕಾರಣ ಇರಬಹುದು: ಸೋಂಕು, ನೀರು ಕಡಿಮೆ ಆದದ್ದು, ಮಲಬದ್ಧತೆ, ಬಿದ್ದ ಪೆಟ್ಟು, ಹೊಸ ಮಾತ್ರೆ. ಇದು ಹೀಗೇ ಅಂತ ಮನೆಯಲ್ಲಿ ಕೂರದೆ ಆ ದಿನವೇ ಡಾಕ್ಟರಿಗೆ ತೋರಿಸಬೇಕು. ಈಗ ಅಪ್ಪನ ಮಾತ್ರೆಯ ಪಟ್ಟಿ ಅವರ ಕಿಸೆಯಲ್ಲೂ ಇದೆ, ಪೇಟೆಯ ಮೆಡಿಕಲ್ಲಿನಲ್ಲೂ ಕೊಟ್ಟಿದ್ದೇವೆ.

ಕಾಗದಪತ್ರದ ವಿಷಯಕ್ಕೆ ಬರುತ್ತೇನೆ. ಇದನ್ನು ಮುಂದೂಡಲೇಬಾರದು. ಎಲ್ಲರೂ ಹೇಳುವುದು, ಒಂದು ಪವರ್ ಆಫ್ ಅಟಾರ್ನಿ ಮಾಡಿಸಿಬಿಡಿ, ಮುಂದೆ ಎಲ್ಲ ಸುಲಭ ಅಂತ. ನಮ್ಮ ವಕೀಲರು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು, ನಮ್ಮ ದೇಶದ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಪವರ್ ಆಫ್ ಅಟಾರ್ನಿಗೂ ಬೆಲೆ ಇರುವುದಿಲ್ಲ. 1872ರ ಕಾಂಟ್ರಾಕ್ಟ್ ಕಾಯ್ದೆಯಲ್ಲೇ ಅದು ಇದೆ. ಅಂದರೆ ಅದು ನಮಗೆ ಬೇಕಾಗುವ ಹೊತ್ತಿಗೇ ಕೈಕೊಡುತ್ತದೆ. ಆಮೇಲೆ ಪಾಲಕರನ್ನು ನೇಮಿಸಿ ಅಂತ ಕೋರ್ಟಿಗೆ ಹೋಗಬೇಕು, ಅದು ಸಣ್ಣ ಕೆಲಸ ಅಲ್ಲ. ಹಾಗಾಗಿ ಅಪ್ಪನ ಬುದ್ಧಿ ಸ್ವಾಧೀನದಲ್ಲಿ ಇರುವಾಗಲೇ, ಅವರ ಇಷ್ಟ ಕೇಳಿ, ಅವರ ಕೈಯಿಂದಲೇ ಆಗಬೇಕಾದದ್ದನ್ನು ಮಾಡಿದೆವು. ಬ್ಯಾಂಕಿನ ಮತ್ತು ಸೊಸೈಟಿಯ ಖಾತೆಗಳಿಗೆ ಅಮ್ಮನನ್ನು ಸೇರಿಸಿ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವ ಹಾಗೆ ಮಾಡಿದ್ದು, ಎಲ್ಲದಕ್ಕೂ ನಾಮಿನಿ ಹಾಕಿಸಿದ್ದು, ಪೆನ್ಶನ್ ಕಾಗದ, ವಿಮೆ, ಅಡಿಕೆ ತೋಟದ ಆಧಾರಪತ್ರ ಎಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಪಟ್ಟಿ ಮಾಡಿದ್ದು.

ಉಯಿಲು ಬರೆಯಬೇಕು ಅಂದದ್ದು ಅಪ್ಪನೇ. ಡಿಮೆನ್ಶಿಯಾ ಅಂತ ಹೇಳಿದ ಮೇಲೆ ಉಯಿಲು ನಡೆಯುತ್ತದಾ ಅಂತ ತಮ್ಮನಿಗೆ ಅನುಮಾನ ಇತ್ತು. ಕಾಯಿಲೆಯ ಹೆಸರು ಬಂದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಬರೆಯುವ ಹೊತ್ತಿನಲ್ಲಿ ತನಗೇನು ಇದೆ, ಯಾರಿಗೆ ಕೊಡುತ್ತಿದ್ದೇನೆ, ಯಾಕೆ ಅಂತ ತಿಳಿದಿದ್ದರೆ ಸಾಕು. ಉಯಿಲಿಗೆ ನೋಂದಣಿ ಕಡ್ಡಾಯ ಅಲ್ಲ, ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಆದರೆ ಇಂಥ ಕಾಯಿಲೆ ಇರುವಾಗ ನೋಂದಣಿ ಮಾಡಿಸುವುದೇ ಒಳ್ಳೆಯದು, ಜೊತೆಗೆ ಬುದ್ಧಿ ಸ್ವಾಧೀನದಲ್ಲಿದೆ ಅಂತ ಆ ದಿನದ ಆಸುಪಾಸಿನ ಡಾಕ್ಟರ ಚೀಟಿಯೂ ಇರಲಿ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬೆಳಿಗ್ಗೆಯೇ ಹೋದೆವು, ಅಪ್ಪನ ತಲೆ ಚುರುಕಾಗಿರುವುದು ಬೆಳಿಗ್ಗೆ. ಅಲ್ಲಿ ಕೇಳಿದ ಪ್ರಶ್ನೆಗೆಲ್ಲ ಅವರೇ ಉತ್ತರ ಕೊಟ್ಟರು, ತೋಟದ ಮೇಲಿನ ತುಂಡು ಯಾರಿಗೆ, ಕೆಳಗಿನದು ಯಾರಿಗೆ, ಅಮ್ಮ ಇರುವಷ್ಟು ಕಾಲ ಮನೆ ಅಮ್ಮನದ್ದೇ ಅಂತ. ಸಹಿ ಮಾತ್ರ ನಿಧಾನವಾಗಿ ಹಾಕಿದರು, ಅಕ್ಷರ ಅಕ್ಷರ ನೋಡಿಕೊಂಡು. ಹಾಕಿ ಮುಗಿಸಿ ಆ ಪೆನ್ನಿಗೆ ಮುಚ್ಚಳ ಹಾಕಿ ತಮ್ಮ ಕಿಸೆಗೆ ಸಿಕ್ಕಿಸಿಕೊಂಡರು, ಗುಮಾಸ್ತರು ಇರಲಿ ಮಾಸ್ಟ್ರೇ ಅಂದರು.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇನ್ನೊಂದು ಅನುಕೂಲ ಇದೆ. ಮುಂದೆ ನನಗೆ ತೀರ್ಮಾನ ಮಾಡಲಿಕ್ಕಾಗದಿದ್ದರೆ ಈ ಚಿಕಿತ್ಸೆ ಬೇಕು, ಇಂಥದ್ದು ಬೇಡ, ನನ್ನ ಪರವಾಗಿ ಇಂಥವರು ಮಾತಾಡಬಹುದು ಅಂತ ಮೊದಲೇ ಬರೆದಿಡಬಹುದು. ಅಪ್ಪ ನನ್ನ ಹೆಸರು ಬರೆದಿದ್ದಾರೆ. ತಮ್ಮನಿಗೆ ಅದು ಸ್ವಲ್ಪ ಬೇಜಾರಾಯಿತು. ಅಪ್ಪ, "ನೀನು ದೂರ ಇದ್ದೀಯ ಮಗ, ಇವಳು ಹತ್ತಿರ ಇದ್ದಾಳೆ" ಅಂದರು, ಅಲ್ಲಿಗೆ ಮಾತು ಮುಗಿಯಿತು. ಈ ಮಾತನ್ನು ನಾನು ಹೇಳಿದ್ದರೆ ಜಗಳ ಆಗುತ್ತಿತ್ತು.

ಸ್ಕೂಟರು ಬಿಡಿಸುವುದು ಉಯಿಲಿಗಿಂತ ಕಷ್ಟ ಆಯಿತು. ಮೂವತ್ತು ವರ್ಷದಿಂದ ಅದೇ ದಾರಿ, ನನಗೆ ಕಣ್ಣುಮುಚ್ಚಿ ಹೋಗಬಹುದು ಅನ್ನುತ್ತಿದ್ದರು. ಡಾಕ್ಟರೇ ಚೀಟಿಯಲ್ಲಿ ವಾಹನ ಓಡಿಸಬಾರದು ಅಂತ ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ಡಾಕ್ಟರು ಹೇಳಿದ್ದು ಅಂದಾಗ ಒಪ್ಪಿದರು. ಬೇರೆ ವ್ಯವಸ್ಥೆ ಇಲ್ಲದೆ ಕೀಲಿ ಕಸಿದುಕೊಂಡರೆ ಆಗುವುದಿಲ್ಲ. ನಮ್ಮೂರ ಆಟೋದವನಿಗೆ ತಿಂಗಳ ಲೆಕ್ಕ ಮಾಡಿ, ದಿನಾ ಸಂಜೆ ಪೇಟೆಗೆ ಕರೆದುಕೊಂಡು ಹೋಗಿ ಬರುವ ಹಾಗೆ ಮಾಡಿದೆವು. ಅವನು ಅಪ್ಪನ ಹಳೆಯ ವಿದ್ಯಾರ್ಥಿ.

ಸಹಾಯ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಗಡಿಯ ಆಚೆ ಡಾಕ್ಟರಿದ್ದರೂ ನಮ್ಮ ಆಶಾ ಕಾರ್ಯಕರ್ತೆಗೆ, ಪಂಚಾಯತಿನ ಪಾಲಿಯೇಟಿವ್ (ಕಾಯಿಲೆಯವರ ನೋವು ಕಷ್ಟ ತಗ್ಗಿಸುವ ಆರೈಕೆಯ) ನರ್ಸಿಗೆ ಈ ಕಡೆಯೇ ಹೇಳಿಡಬೇಕು. ಪಾಲಿಯೇಟಿವ್ ಅಂದರೆ ಕ್ಯಾನ್ಸರಿನ ಕೊನೆಗೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿ ಪಂಚಾಯತು ಮಟ್ಟದಲ್ಲಿ ಮನೆಗೆ ನರ್ಸು ಬರುವ ವ್ಯವಸ್ಥೆ ಮಾಡಿದೆ, ಮುಂದೆ ಹಾಸಿಗೆ ಹಿಡಿದಾಗ ಇದೇ ನಮಗೆ ಆಧಾರ. ನಮ್ಮ ನರ್ಸು ಮಲಯಾಳದವರು, ಅಪ್ಪನ ಮಲಯಾಳ ಈಗೀಗ ತಡವರಿಸುತ್ತದೆ. ಆಮೇಲೆ ಕಲಿತ ಭಾಷೆ ಮೊದಲು ಕೈಬಿಡುವುದು ಎಷ್ಟೋ ಜನರಲ್ಲಿ ಆಗುತ್ತದಂತೆ. ಆಶಾ ಕಾರ್ಯಕರ್ತೆ ತುಳು ಮಾತಾಡುವುದರಿಂದ ನಡೆಯುತ್ತದೆ. ಪೂರ್ತಿ ಇನ್ನೊಬ್ಬರ ಆರೈಕೆಯಲ್ಲೇ ಇರಬೇಕಾದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ತಿಂಗಳಿಗೆ 600 ರೂಪಾಯಿಯ ಯೋಜನೆ ಇದೆ, ಆರಂಭದ ಹಂತದಲ್ಲಿ ಅದು ಅನ್ವಯಿಸುವುದಿಲ್ಲ. ಅಲ್ಝೈಮರ್ಸ್ ರೋಗಿಗಳ ಮನೆಯವರಿಗಾಗಿಯೇ ಇರುವ ಎಆರ್‌ಡಿಎಸ್‌ಐ ಸಂಸ್ಥೆ 1992ರಲ್ಲಿ ಶುರುವಾದದ್ದು ಕೇರಳದಲ್ಲೇ, ಆದರೆ ಇಲ್ಲಿ ಅದರ ಕೇಂದ್ರಗಳು ಇರುವುದು ತ್ರಿಶ್ಶೂರು, ಎರ್ನಾಕುಳಂನಂಥ ಕಡೆ, ನಮ್ಮಿಂದ ದೂರ. ಕಾಸರಗೋಡಿನಲ್ಲಿ ಹಗಲು ಹೊತ್ತು ಇಂಥವರನ್ನು ಕನ್ನಡದಲ್ಲಿ, ತುಳುವಿನಲ್ಲಿ ಮಾತಾಡಿಸಿ ನೋಡಿಕೊಳ್ಳುವ ಒಂದು ಜಾಗ ಆಗಲೇಬೇಕು. ಫೋನಿನಲ್ಲಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567 ಎರಡೂ ಇವೆ. ರಾತ್ರಿ ಅಮ್ಮನಿಗೆ ತಡೆಯಲಾಗದೆ ಇದ್ದಾಗ ಟೆಲಿ ಮಾನಸಿಗೆ ಫೋನ್ ಮಾಡಿದ್ದೇವೆ, ಕನ್ನಡದಲ್ಲೇ ಮಾತಾಡಿದರು.

ಮಂಗಳೂರಿನ ರಿಪೋರ್ಟಿನ ಸಾರಾಂಶ ಒಂದು ಪುಟದಲ್ಲಿ ಬರೆಸಿಕೊಂಡು ಇಲ್ಲಿನ ಡಾಕ್ಟರ ಹತ್ತಿರವೂ ಒಂದು ಪ್ರತಿ ಕೊಟ್ಟಿದ್ದೇವೆ. 2020ರಲ್ಲಿ ಕೊರೊನಾ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ಕಡೆಯವರ ಪಾಡು ಏನಾಯಿತು ಅಂತ ಎಲ್ಲರಿಗೂ ಗೊತ್ತು. ಔಷಧಿ ಮುಂದುವರಿಸಬಲ್ಲ ಡಾಕ್ಟರು ಗಡಿಯ ಈಚೆ ಒಬ್ಬರು ಇರಲೇಬೇಕು.

ಮನೆಯೊಳಗಿನದು ಪುಸ್ತಕದ ಹಾಗೆ ನಡೆಯುವುದಿಲ್ಲ. ಅಪ್ಪ ಒಂದೇ ಪ್ರಶ್ನೆ ಹತ್ತು ಸಲ ಕೇಳುತ್ತಾರೆ, ಆಗಲೇ ಹೇಳಿದೆನಲ್ಲ ಅಂದರೆ ಮುಖ ಬಾಡುತ್ತದೆ. ಚಾವಡಿಯಲ್ಲಿ ದೊಡ್ಡ ಅಕ್ಷರದ ಬೋರ್ಡು ಇಟ್ಟಿದ್ದೇವೆ, ಇವತ್ತು ಯಾವ ವಾರ, ಯಾರು ಬರುತ್ತಾರೆ, ಮಾತ್ರೆ ಆಯಿತಾ ಅಂತ ಅದರಲ್ಲಿ ಇರುತ್ತದೆ. ಅಪ್ಪನೇ ಅದನ್ನು ಬರೆಯುತ್ತಾರೆ. ತಾಳಮದ್ದಳೆ ಇದ್ದಲ್ಲಿಗೆ ಈಗಲೂ ಕರೆದುಕೊಂಡು ಹೋಗುತ್ತೇವೆ, ಪದ್ಯದ ಮುಂದಿನ ಸಾಲು ಭಾಗವತರಿಗಿಂತ ಮೊದಲು ಅವರ ಬಾಯಲ್ಲಿ ಬರುತ್ತದೆ. ನೆಂಟರು ಬಂದು, "ನಾನು ಯಾರು ಹೇಳಿ ನೋಡುವ?" ಅಂತ ಪರೀಕ್ಷೆ ಮಾಡಲಿಕ್ಕೆ ಮಾತ್ರ ನಾನು ಬಿಡುವುದಿಲ್ಲ. ಬಾಗಿಲಲ್ಲೇ ಹೇಳುತ್ತೇನೆ, ಹೆಸರು ಹೇಳಿಕೊಂಡೇ ಒಳಗೆ ಬನ್ನಿ ಅಂತ.

ಅಮ್ಮನ ಬಗ್ಗೆ ಡಾಕ್ಟರು ಕೇಳಿದ್ದು ನನಗೆ ತುಂಬ ಹಿಡಿಸಿತು. ನಿಮ್ಮ ಬಿಪಿ ನೋಡಿ ಎಷ್ಟು ದಿನ ಆಯಿತು ಅಂದರು. ನೋಡಿಕೊಳ್ಳುವವರು ಬಿದ್ದರೆ ಇಬ್ಬರೂ ಬಿದ್ದ ಹಾಗೆ. ಭಾನುವಾರ ಇಡೀ ದಿನ ಅಪ್ಪನ ಜೊತೆ ನಾನೇ ಇರುತ್ತೇನೆ, ಅಮ್ಮ ತಂಗಿಯ ಮನೆಗೆ ಹೋಗಿ ಬರುತ್ತಾರೆ. ಬೇಡ ಅಂದರೂ ಕಳಿಸುತ್ತೇನೆ.

ನಮಗೂ ಬರುತ್ತದಾ ಅಂತ ತಮ್ಮ ಡಾಕ್ಟರನ್ನು ಕೇಳಿದ್ದ. ವಯಸ್ಸಾದ ಮೇಲೆ ಬರುವ ಅಲ್ಝೈಮರ್ಸ್ ಹೆಚ್ಚಿನವರಲ್ಲಿ ನೇರವಾಗಿ ಮಕ್ಕಳಿಗೆ ಇಳಿಯುವಂಥದ್ದಲ್ಲ, ಅಪ್ಪ ಅಮ್ಮನಿಗೆ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು, ಅಷ್ಟೇ. ಒಂದೇ ಜೀನಿನಿಂದ ವಂಶದಲ್ಲಿ ಇಳಿಯುವ ರೀತಿ ಅಪರೂಪ, ಅದು ಸಾಮಾನ್ಯವಾಗಿ 65ಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ. ಬಿಪಿ ಸಕ್ಕರೆ ನೋಡಿಕೊಳ್ಳಿ, ಸಿಗರೇಟು ಬಿಡಿ ಅಂದರು. ಬಿಟ್ಟಿದ್ದಾನೆ.

ಆರು ತಿಂಗಳಿಗೊಮ್ಮೆ ಮತ್ತೆ ತೋರಿಸುವುದು ಇದೆ. ಹೋಗುವ ಮೊದಲು ಏನೇನು ಬದಲಾಗಿದೆ ಅಂತ ಅಮ್ಮ, ನಾನು, ಅಪ್ಪ ಮೂವರೂ ಬೇರೆ ಬೇರೆಯಾಗಿ ಬರೆಯುತ್ತೇವೆ, ಡಾಕ್ಟರು ಮೂರನ್ನೂ ಓದುತ್ತಾರೆ. ಕಳೆದ ಸಲ ಅಪ್ಪನ ಚೀಟಿಯಲ್ಲಿ ಎರಡೇ ಸಾಲು ಇತ್ತು. ರಾತ್ರಿ ಬಚ್ಚಲಿನ ದಾರಿ ಗೊತ್ತಾಗುವುದಿಲ್ಲ ಅಂತ ಒಂದು, ಕಿವಿಯ ಮೆಷಿನ್ ಚುಚ್ಚುತ್ತದೆ ಅಂತ ಇನ್ನೊಂದು. ಎರಡೂ ನಮಗೆ ಗೊತ್ತಿರಲಿಲ್ಲ. ಬಚ್ಚಲಿನ ದಾರಿಗೆ ಸಣ್ಣ ದೀಪ ಹಾಕಿಸಿದೆವು, ಮೆಷಿನ್ ಸರಿ ಮಾಡಿಸಲಿಕ್ಕೆ ಈ ವಾರ ಕಾಸರಗೋಡಿಗೆ ಹೋಗಲಿಕ್ಕಿದೆ.